ಎರಡನೆಯ ಸಹಿ

"ನೆಲಮಾಳಿಗೆ ಅನ್ನೋನು ನೀನೇನಾ?" ಎಂದು ಕೇಳಿದ ಸತ್ತವಳ ತಮ್ಮ, ಉತ್ತರಕ್ಕೂ ಕಾಯದೆ ಎದುರಿಗಿದ್ದವನ ಕೈಯಲ್ಲಿದ್ದ ಹೂವಿನ ಕಟ್ಟನ್ನು ಕಿತ್ತು ಪಕ್ಕದ ಕುರ್ಚಿಯ ಮೇಲೆ ಎಸೆದ. "ನೋಡ್ಕೊಳ್ಳಿ ಎಲ್ರೂ. ಹನ್ನೊಂದು ವರ್ಷ ನಮ್ಮಕ್ಕನ್ನ ಬಿಟ್ಟಿ ದುಡಿಸ್ಕೊಂಡ ಪುಣ್ಯಾತ್ಮ ಇವನೇ. ಇವನ ಕೆಲಸ ಮಾಡ್ತಾ ಕೂತಲ್ಲೇ ಹೋದ್ಲು ಅವಳು. ಈಗ ಹೂವು ತಂದಿದಾನೆ, ನಾಚಿಕೆಗೆಟ್ಟೋನು."

ಚಿತಾಗಾರದ ಕಾಯುವ ಕೋಣೆಯಲ್ಲಿ ಮೂವತ್ತು ಜನರಿದ್ದರು. ಪಿಸುಮಾತು ನಿಂತಿತು. ಕಾಫಿ ಯಂತ್ರದ ಮುಂದೆ ನಿಂತಿದ್ದವನೊಬ್ಬ ಲೋಟ ತುಂಬಿ ಕೈ ಸುಟ್ಟರೂ ಇತ್ತಲೇ ನೋಡುತ್ತಿದ್ದ.

ತಪ್ಪು ಹೂವು ತಂದವನದೇ. ಬಾಗಿಲ ಬಳಿ ಇಟ್ಟಿದ್ದ ಪುಸ್ತಕದಲ್ಲಿ ಬಂದವರೆಲ್ಲ ಹೆಸರು ಬರೆಯಬೇಕಿತ್ತು. ತನ್ನ ನಿಜವಾದ ಹೆಸರು ಬರೆಯಲು ಹೋದವನು ಪೆನ್ನೆತ್ತಿ ನಿಂತ. ಆ ಹೆಸರು ಆಕೆಗೆ ಗೊತ್ತೇ ಇರಲಿಲ್ಲ. ಹಾಗಾಗಿ ಆಕೆ ಕರೆಯುತ್ತಿದ್ದುದನ್ನೇ ಬರೆದ: ನೆಲಮಾಳಿಗೆ. ಲಿಫ್ಟ್ ರಿಪೇರಿ ಕಲಿಯುತ್ತಿದ್ದ ಹದಿನೆಂಟರ ವಯಸ್ಸಿನಲ್ಲಿ, ಕಂಪ್ಯೂಟರಿನಲ್ಲಿ ಒಂದು ಅಡ್ಡಹೆಸರು ಕೊಡಬೇಕಾಗಿ ಬಂದಾಗ ಹೊಳೆದದ್ದು ಅದೊಂದೇ. ನಾಲ್ಕು ದಿನದ ಹಿಂದೆ ಬೆಳಿಗ್ಗೆ ಅಕ್ಕನ ಕೋಣೆಯ ಬಾಗಿಲು ತೆರೆದ ತಮ್ಮನಿಗೆ, ಕುರ್ಚಿಗೆ ಒರಗಿದ್ದ ಅಕ್ಕನ ಎದುರು ಇನ್ನೂ ಬೆಳಗುತ್ತಿದ್ದ ಪರದೆಯ ಮೇಲೆ ಕಂಡದ್ದೂ ಅದೇ ಹೆಸರು. 'ನೆಲಮಾಳಿಗೆಯ ಒಪ್ಪಿಗೆಗಾಗಿ ಕಾಯಲಾಗುತ್ತಿದೆ.'

ಬೇರೆ ದಿನವಾಗಿದ್ದರೆ ಆ ತಮ್ಮನ ಕೊರಳಪಟ್ಟಿ ಅವನ ಮುಷ್ಟಿಯಲ್ಲಿರುತ್ತಿತ್ತು. ಬಾಯಿಯ ದೆಸೆಯಿಂದಲೇ ನಾಲ್ಕು ಕಂಪನಿ ಬಿಟ್ಟವನು. ಒಮ್ಮೆ 'ಓದು ತಲೆಗೆ ಹತ್ತದವನು' ಎಂದ ಸೂಪರ್‌ವೈಸರನ ಕಾಲಬುಡಕ್ಕೆ ಪಾನಾ ಎಸೆದು ಬಂದವನು. ಇವತ್ತು ಮಾತ್ರ ಹೂವನ್ನೂ ಎತ್ತಿಕೊಳ್ಳದೆ ಹೋಗಿ ಕೊನೆಯ ಸಾಲಿನಲ್ಲಿ ಕೂತ. ಐದು ಗಂಟೆ ಬಸ್ಸಿನಲ್ಲಿ ನಿಂತೇ ಬಂದಿದ್ದರಿಂದ ಕಾಲು ಜೋಮು ಹಿಡಿದಿತ್ತು. ಹೆಗಲ ಚೀಲದಲ್ಲಿ ಲ್ಯಾಪ್‌ಟಾಪಿತ್ತು.

ಎದುರಿಗೆ ಮುಚ್ಚಿದ ಪೆಟ್ಟಿಗೆ, ಅದರ ಮುಂದೆ ಚೌಕಟ್ಟಿಲ್ಲದ ಒಂದು ಫೋಟೋ. ಐವತ್ತು ದಾಟಿದ ಹೆಂಗಸು. ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿದ್ದಾಳೆ, ಕ್ಯಾಮೆರಾ ಏನೋ ಕೇಳಿದ ಹಾಗೆ ಹುಬ್ಬು ಸ್ವಲ್ಪ ಮೇಲೇರಿದೆ. ಹನ್ನೊಂದು ವರ್ಷ ದಿನಾ ಸಂಜೆ ಜೊತೆಗೆ ಕೆಲಸ ಮಾಡಿದ ಮನುಷ್ಯಳ ಮುಖವನ್ನು ಅವನು ನೋಡುತ್ತಿರುವುದು ಇದೇ ಮೊದಲು.

ಗೋಡೆಯ ಗಡಿಯಾರ ಮೂರು ಹತ್ತು ತೋರಿಸುತ್ತಿತ್ತು. ಆರು ಗಂಟೆಗೆ ಆಕೆಯ ಸಹಿ ಸಾಯುತ್ತದೆ. ಮನುಷ್ಯಳು ಹೋಗಿ ನಾಲ್ಕು ದಿನವಾದರೂ ಕಂಪ್ಯೂಟರಿನಲ್ಲಿ ಆಕೆಯ ಸಹಿಗೆ ಇನ್ನೂ ಮೂರು ಗಂಟೆ ಆಯಸ್ಸಿತ್ತು. ಅಷ್ಟರೊಳಗೆ ಅವನು ತನ್ನ ಸಹಿ ಸೇರಿಸಿದರೆ ಆಕೆ ಕೊನೆಯದಾಗಿ ಬರೆದಿಟ್ಟ ಪ್ರಕಟಣೆ ಹೊರಗೆ ಹೋಗುತ್ತದೆ, ಇಬ್ಬರೂ ಸೇರಿ ಕಾಪಾಡಿದ ತಂತ್ರಾಂಶದ ಒಂದನೇ ಆವೃತ್ತಿ ಅಲ್ಲಿಗೆ ನಿವೃತ್ತಿಯಾಗುತ್ತದೆ. ಸೇರಿಸದಿದ್ದರೆ ಆ ಪ್ರಕಟಣೆ ಕಸ. ಒಂದನೇ ಆವೃತ್ತಿ ಪೂರ್ತಿ ಅವನೊಬ್ಬನ ಕೈಗೆ ಬರುತ್ತದೆ, ಅವನು ಇರುವಷ್ಟು ದಿನ ಇರುತ್ತದೆ. ಅದೇ ಮಾತುಗಳನ್ನು ನಾಳೆ ತಾನೇ ಬರೆದು ಕಳಿಸಬಹುದಿತ್ತು. ಆದರೆ ಆಗ ಅದು ಅವನ ಮಾತು. ಕೆಳಗೆ ಆಕೆಯ ಸಹಿ ಇರುವುದಿಲ್ಲ.

ಬಸ್ಸಿನಲ್ಲಿ ಐದು ಗಂಟೆ ಇದನ್ನೇ ಯೋಚಿಸಿದ್ದ. ತೀರ್ಮಾನವಾಗಿರಲಿಲ್ಲ.

*

ಆಗ ಅವನಿಗೆ ಹದಿನೆಂಟು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು ಮೂರು ವರ್ಷ ಬೇರೆಯವರ ನೆಲಮಾಳಿಗೆಗಳಲ್ಲಿ ಲಿಫ್ಟಿನ ಗುಂಡಿಗೆ ಇಳಿದು ಗ್ರೀಸು ಹಚ್ಚಿದ್ದ. ಲಿಫ್ಟುಗಳ ತುದಿಯ ಯಂತ್ರಕೋಣೆಯಲ್ಲಿ ಒಂದೊಂದು ಪುಟ್ಟ ಕಂಪ್ಯೂಟರ್ ಡಬ್ಬಿ ಇರುತ್ತಿತ್ತು. ಲಿಫ್ಟ್ ಕೆಟ್ಟರೆ ಆಫೀಸಿಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಒಂದು ಬೆಳಿಗ್ಗೆ ಹನ್ನೊಂದು ಡಬ್ಬಿಗಳೂ ಒಟ್ಟಿಗೆ ಸತ್ತವು. ತಂಡದಲ್ಲಿ ಸರ್ಟಿಫಿಕೇಟು ಇಲ್ಲದವನು ಅವನೊಬ್ಬನೇ ಆದ್ದರಿಂದ, ಹಾಳು ಮಾಡಿದವನೂ ಅವನೇ ಎಂದು ಹತ್ತು ನಿಮಿಷದಲ್ಲಿ ತೀರ್ಪಾಯಿತು.

ನಾಲ್ಕು ಸಂಜೆ ಕೂತು ಅವನು ತಪ್ಪನ್ನು ಹುಡುಕಿದ. ಡಬ್ಬಿಯೊಳಗೆ ಒಂದು ಪ್ಯಾಕೇಜ್ ಮ್ಯಾನೇಜರ್ ಇತ್ತು. ಅಂದರೆ ಉಗ್ರಾಣದವನ ಕೆಲಸ ಮಾಡುವ ತಂತ್ರಾಂಶ: ಯಾವ ತಂತ್ರಾಂಶಕ್ಕೆ ಯಾವ ಬಿಡಿಭಾಗ ಬೇಕು, ಯಾವುದರ ಹೊಸದು ಬಂದಿದೆ, ಯಾವುದು ಯಾವುದರ ಜೊತೆ ಹೊಂದುವುದಿಲ್ಲ ಎಂದು ನೋಡಿ ತಂದು ಜೋಡಿಸುವುದು. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಒಳಗೆ ಬರೆದದ್ದನ್ನು ಯಾರು ಬೇಕಾದರೂ ಓದಬಹುದು. ಅವನು ಓದಿದ. ಒಂಬತ್ತನೇ ತಿದ್ದುಪಡಿಯ ನಂತರ ಹತ್ತನೆಯದು ಬಂದಾಗ, ಮೊದಲ ಅಂಕಿಯನ್ನಷ್ಟೇ ನೋಡಿ ಹತ್ತು ಒಂಬತ್ತಕ್ಕಿಂತ ಚಿಕ್ಕದು ಎಂದುಕೊಂಡು ಅದು ಹಳೆಯದನ್ನೇ ಮತ್ತೆ ಮತ್ತೆ ತಂದು ತುರುಕುತ್ತಿತ್ತು.

ಅವನ ತಲೆಗೆ ಬೆಂಕಿ ಹತ್ತಿತು. ಕಾಗುಣಿತ ಕೂಡ ನೋಡದೆ ಬರೆದ: 'ಇದನ್ನು ಮಾಡಿದ ಮಹಾಶಯರಿಗೆ ಎಣಿಸೋಕೆ ಬರುತ್ತಾ? ಒಂಬತ್ತಾದ ಮೇಲೆ ಹತ್ತು ಅಂತ ಸ್ಕೂಲು ಬಿಟ್ಟ ನನಗೇ ನೆನಪಿದೆ.'

ಮಾರನೇ ಸಂಜೆ ಉತ್ತರ ಬಂತು. 'ಎಣಿಸೋಕೆ ಬರುತ್ತೆ. ಆವತ್ತು ತಲೆನೋವಿತ್ತು ಅಂತ ಕಾಣುತ್ತೆ. ತಪ್ಪು ನನ್ನದೇ. ನೀವೇ ತಿದ್ದಿ ಕಳಿಸಿ, ನೋಡ್ತೀನಿ.'

ತಪ್ಪು ನನ್ನದೇ. ಅವನಿಗೆ ಅಲ್ಲಿಯವರೆಗೆ ಯಾವ ಮೇಷ್ಟ್ರೂ, ಯಾವ ಸೂಪರ್‌ವೈಸರೂ, ಅಪ್ಪನೂ ಆ ಎರಡು ಪದ ಹೇಳಿದ್ದಿಲ್ಲ. ತಿದ್ದಿ ಕಳಿಸಿದ. ಆಕೆ ವಾಪಸ್ಸು ಮಾಡಿದಳು. ಮತ್ತೆ ಕಳಿಸಿದ, ಮತ್ತೆ ವಾಪಸ್ಸು. ಹದಿನಾಲ್ಕು ಸಲ. ಪ್ರತಿ ಸಲವೂ ಏನು ಸರಿಯಿಲ್ಲ ಎಂದು ಎರಡೇ ಸಾಲು. ಒಮ್ಮೆಯೂ ಬೈಗುಳವಿಲ್ಲ, ಹೊಗಳಿಕೆಯೂ ಇಲ್ಲ. ಹದಿನೈದನೆಯ ಸಲ ಒಂದೇ ಪದ ಬಂತು: 'ಆಯ್ತು.'

ಅವರ ಕೆಲಸದ ಕಟ್ಟಳೆಯೇ ಅದಾಯಿತು. ಒಬ್ಬರು ಬರೆದು ಸಹಿ ಹಾಕಬೇಕು, ಇನ್ನೊಬ್ಬರು ನೋಡಿ 'ಆಯ್ತು' ಎಂದು ಎರಡನೆಯ ಸಹಿ ಹಾಕಬೇಕು. ತನ್ನ ಕೆಲಸಕ್ಕೆ ತಾನೇ ಆಯ್ತು ಅನ್ನುವ ಹಾಗಿಲ್ಲ. ಆ ಸಹಿಗಳ ಆಯಸ್ಸು ತೊಂಬತ್ತೇ ದಿನ. ಅದರೊಳಗೆ ನವೀಕರಿಸಿಕೊಳ್ಳದಿದ್ದರೆ ಸಹಿ ಸಾಯುತ್ತದೆ, ಆಮೇಲೆ ಉಳಿದವರ ಒಂದೇ ಸಹಿ ಸಾಕು. ಹತ್ತು ವರ್ಷಕ್ಕೆ ಒಂದೇ ಸಲ ಮಾಡಿಟ್ಟರೆ ಗಂಟೇನು ಹೋಗುತ್ತದೆ ಎಂದು ಅವನು ರೇಗಿದ್ದ. ಆಕೆ ಬರೆದಿದ್ದಳು: 'ಮೂರು ತಿಂಗಳಿಗೊಮ್ಮೆ ಯಾರಾದರೂ ಎದ್ದು ಕೂತು, ಇದು ಇನ್ನೂ ಬೇಕು ಅನ್ನಬೇಕು. ಅನ್ನೋರಿಲ್ಲದಿದ್ದರೆ ತಾನಾಗೇ ನಿಲ್ಲಲಿ.'

ಆಕೆ ನೀರೆತ್ತುವ ಪಂಪು ಮಾಡುವ ಕಾರ್ಖಾನೆಯ ಬಿಡಿಭಾಗಗಳ ಸ್ಟೋರಿನಲ್ಲಿದ್ದಾಳೆ, ತಮ್ಮನ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ ಇರುತ್ತಾಳೆ ಎಂಬುದು ಅವನಿಗೆ ತಿಳಿಯಲು ಎರಡು ವರ್ಷ ಹಿಡಿಯಿತು. ಕೆಲಸದ ಮಾತು ಮುಗಿದ ಮೇಲೆ ಕೊನೆಗೊಂದು ಸಾಲು ಅಂಟಿಸುತ್ತಿದ್ದಳು. 'ಇವತ್ತು ಒಬ್ಬರು ಮೂವತ್ತು ವರ್ಷ ಹಳೇ ಪಂಪಿನ ವಾಷರ್ ಕೇಳಿಕೊಂಡು ಬಂದಿದ್ದರು. ಇತ್ತು. ಕೊಟ್ಟೆ.' 'ಹೊಸ ಕನ್ನಡಕ. ಮೆಟ್ಟಿಲು ಹತ್ತಿರ ಕಾಣುತ್ತೆ.' ಆ ಸಾಲುಗಳನ್ನೆಲ್ಲ ಅವನು ಒಂದು ಕಡೆ ಬರೆದಿಟ್ಟುಕೊಂಡಿದ್ದ. ಒಮ್ಮೆ ಆಕೆ ಫೋನ್ ನಂಬರು ಕಳಿಸಿದಳು, ಏನಾದರೂ ತುರ್ತಾದರೆ ಇರಲಿ ಎಂದು. ಅವನು ಮಾಡಲಿಲ್ಲ. ಮಾತಾಡಿದರೆ ತನ್ನ ಒರಟು ದನಿ ಕೇಳಿ ಆಕೆ ಹೆದರಿಯಾಳು ಎಂದು ಹೆದರಿದ.

ಆರು ವರ್ಷದ ಹಿಂದೆ ಬೇರೊಂದು ತಂಡ ಬರೆದ ಎರಡನೇ ಆವೃತ್ತಿ ಬಂತು. ದೊಡ್ಡ ಕಂಪನಿಗಳು ಸಿನಿಮಾ ಬಿಟ್ಟ ಹಾಗೆ ಎದ್ದು ಹೋದವು. ಅಲ್ಲಿಯವರೆಗೆ ಬಿಟ್ಟಿ ಬಳಸಿ ಕೋಟಿ ಗಳಿಸಿದ್ದವರಲ್ಲಿ ಒಬ್ಬನಾದರೂ ಥ್ಯಾಂಕ್ಸ್ ಎಂದು ಒಂದು ಸಾಲು ಬರೆಯಲಿಲ್ಲ. ಉಳಿದವರು ಹಳೇ ಡಬ್ಬಿಗಳವರು: ಲಿಫ್ಟು, ನೀರಿನ ಟ್ಯಾಂಕು, ಯಾವುದೋ ಲೈಬ್ರರಿ, ಎಲ್ಲೋ ಒಂದು ಹವಾಮಾನ ಕೇಂದ್ರ. ಅವರಿಗಾಗಿ ಇಬ್ಬರೂ ಸಂಜೆ ಸಂಜೆ ಕೂತರು. ಅವರಿಗಾಗಿ ಎಂದು ಅವನು ಹೇಳಿಕೊಳ್ಳುತ್ತಿದ್ದ. ಅವನದು ಒಂದು ಬಾಡಿಗೆ ಕೋಣೆ, ಒಂದು ಮಂಚ, ಒಂದು ಮೇಜು. ಅಲ್ಲಿ ಅವನಿಗೆ 'ಆಯ್ತು' ಅನ್ನುವವರು ಇನ್ನಾರೂ ಇರಲಿಲ್ಲ.

*

ಪ್ಯಾಕಿಂಗ್ ವಿಭಾಗದಿಂದ ಬಂದಿದ್ದ ಮುದುಕ ಎದ್ದು ನಿಂತು, ನಮ್ಮ ಸ್ಟೋರಕ್ಕ ಇದ್ದಿದ್ದರೆ ಇಷ್ಟು ಹೊತ್ತಿಗೆ ಈ ಕುರ್ಚಿಗಳಿಗೂ ನಂಬರು ಬರೆದು ಕಾರ್ಡು ಕಟ್ಟುತ್ತಿದ್ದಳು ಎಂದ. ಎರಡು ಸಾಲಿನವರು ನಕ್ಕರು. ತಾನು ಒಮ್ಮೆ ತಪ್ಪು ಜಾಗದಲ್ಲಿಟ್ಟ ಒಂದು ಬೇರಿಂಗಿಗಾಗಿ ಆಕೆ ಮೂರು ದಿನ ತನ್ನ ಜೊತೆ ಮಾತು ಬಿಟ್ಟಿದ್ದನ್ನೂ ಹೇಳಿದ. ಹೇಳಿ ಕೂತ.

ಆಮೇಲೆ ಎದ್ದದ್ದು ಎರಡನೆಯವನು. ಎರಡನೇ ಆವೃತ್ತಿಯ ಮುಖ್ಯಸ್ಥ ಅವನು. ಆಕೆಯೂ ನೆಲಮಾಳಿಗೆಯೂ ತಮ್ಮೊಳಗೆ ಅವನಿಗೆ ಇಟ್ಟ ಹೆಸರು ಅದು. ಹೊಳೆಯುವ ಬೂಟು, ತಗ್ಗಿದ ದನಿ. ಶುರುವಿನಲ್ಲಿ ಅವನೂ ಆಕೆಯ ಬಳಿಯೇ ಕಲಿತವನು. ಆಕೆ ಹಾಕಿದ ಬುನಾದಿಯ ಮೇಲೆ ತಾವೆಲ್ಲ ನಿಂತಿದ್ದೇವೆ ಎಂದ. ಕೊನೆಯ ಸಾಲಿನಲ್ಲಿ ಕೂತವನಿಗೆ ಹಲ್ಲು ಕಚ್ಚುವಂತಾಯಿತು. ಬುನಾದಿಯಂತೆ. ಆ ಬುನಾದಿಯನ್ನು ಸುತ್ತಿಗೆಯಿಂದ ಒಡೆದು, ಪಕ್ಕದ ಸೈಟಿನಲ್ಲಿ ಮನೆ ಕಟ್ಟಿಕೊಂಡವನು ಇವನು. 'ಹಳತು' ಎಂಬ ಮಾತನ್ನು ಊರೆಲ್ಲ ಹಬ್ಬಿಸಿದವನು.

ಪೆಟ್ಟಿಗೆ ಉದ್ದನೆಯ ಹಳಿಯ ಮೇಲೆ ಜಾರಿ ಒಳಗೆ ಹೋಯಿತು. ಉಕ್ಕಿನ ಬಾಗಿಲು ಇಳಿಯಿತು. ಲಿಫ್ಟಿನ ಬಾಗಿಲಿನಂಥದೇ ಮೋಟಾರಿನ ಸದ್ದು. ಅದರ ಎಡಗಡೆಯ ಬೆಲ್ಟು ಸಡಿಲವಾಗಿದೆ ಎಂದು ಅವನಿಗೆ ಗೊತ್ತಾಯಿತು. ಅಷ್ಟು ಹೊತ್ತಿನಲ್ಲಿ ಅಂಥದೊಂದು ವಿಷಯ ಕಿವಿಗೆ ಬಿದ್ದಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಬೂದಿ ಕೈಗೆ ಬರುವಾಗ ಐದೂಮುಕ್ಕಾಲು ಆಗಬಹುದು ಎಂದು ಅಲ್ಲಿಯವನೊಬ್ಬ ಬಂದು ಹೇಳಿ ಹೋದ. ಜನ ಎದ್ದು ಕಾಫಿ ಯಂತ್ರದ ಕಡೆ ನಡೆದರು.

ಎರಡನೆಯವನು ಬಂದು ಪಕ್ಕದಲ್ಲಿ ಕೂತ. ಪರಿಚಯ ಹೇಳಿಕೊಳ್ಳಲಿಲ್ಲ, ಮುಂಚೆ ನಡೆದ ರಂಪದಲ್ಲಿ ಇವನು ಯಾರೆಂದು ಎಲ್ಲರಿಗೂ ಗೊತ್ತಾಗಿತ್ತು.

"ಆರು ಗಂಟೆಗಲ್ವಾ?" ಎಂದ.

ಇವನು ಮುಖ ತಿರುಗಿಸಿದ.

ಎರಡನೆಯವನು ಸಾವಕಾಶವಾಗಿ ತನ್ನ ಮಾತು ಮುಂದುವರಿಸಿದ. ಈಗ ಒಂದನೆಯದನ್ನು ಬಳಸುವ ಯಂತ್ರ ನಾನೂರು ಇರಬಹುದು. ಯಾರಾದರೂ ಕಳ್ಳತನಕ್ಕೆ ಒಂದು ಸಂದು ಹುಡುಕಿದರೆ ಮುಚ್ಚುವುದಕ್ಕೆ ಒಬ್ಬನ ಕೈ ಸಾಲದು. ಇನ್ನೆಷ್ಟು ದಿನ. ತಮ್ಮ ತಂಡದಲ್ಲಿ ಜಾಗವಿದೆ, ಓದು ಗೀದು ಯಾರೂ ಕೇಳುವುದಿಲ್ಲ.

ಓದು ಗೀದು. ಇವನ ಕಿವಿ ಬಿಸಿಯಾಯಿತು. ಇಲ್ಲೇ, ಇದೇ ಕ್ಷಣ ತೀರ್ಮಾನ ಮಾಡಿಬಿಡಬೇಕು ಅನಿಸಿತು: ಸಹಿ ಹಾಕುವುದಿಲ್ಲ. ಈ ಬೂಟಿನವನಿಗೋಸ್ಕರ ಹಾಕುವುದಿಲ್ಲ, ಹೂವು ಕಿತ್ತು ಎಸೆದ ತಮ್ಮನಿಗೋಸ್ಕರ ಹಾಕುವುದಿಲ್ಲ. ನಾನೂರಲ್ಲ, ನಾಲ್ಕೇ ಯಂತ್ರ ಉಳಿಯಲಿ. ನೋಡಿಕೊಳ್ಳುತ್ತೇನೆ.

"ಹದಿಮೂರು ಹೆಜ್ಜೆಲಿ ಏಳನೇದು ಸ್ವಲ್ಪ ತೊಡಕಿತ್ತು," ಎಂದ ಎರಡನೆಯವನು. "ನಾನೇ ಎರಡು ಸಲ ಮಾಡಿ ನೋಡಿದೆ. ಈಗ ಸರಿ ಇದೆ."

"ಯಾವ ಹದಿಮೂರು?"

"ಅವರ ಪ್ರಕಟಣೇಲಿ ಇದ್ಯಲ್ಲ, ಹಳೇದರಿಂದ ಹೊಸದಕ್ಕೆ ಬರೋ ದಾರಿ. ಹತ್ತು ದಿನದ ಹಿಂದೆ ನಂಗೆ ಕಳಿಸಿ ಸರಿ ಇದೆಯಾ ನೋಡು ಅಂದ್ರು. ಆರು ವರ್ಷದಲ್ಲಿ ಅದೇ ಮೊದಲನೇ ಸಲ ಅವರು ನಂಗೆ ಬರೆದಿದ್ದು." ಅವನು ತನ್ನ ಬೂಟನ್ನು ನೋಡಿಕೊಂಡ. "ನೋಡೋಕೆ ಬೇರೆ ಯಾರೂ ಸಿಗ್ತಿಲ್ಲ ಅಂತ ಬರೆದಿದ್ರು."

ಎದ್ದು ಹೋಗುವಾಗ ಅವನು ಇವನ ಹೆಗಲು ಮುಟ್ಟಲು ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ.

*

ಪ್ರಕಟಣೆ ಬಂದದ್ದು ಮೂರು ವಾರದ ಹಿಂದೆ. ಆಗಷ್ಟೇ ಕೆಲಸದಿಂದ ಬಂದು, ಗ್ರೀಸು ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಪರದೆ ತೆರೆದಿದ್ದ.

'ಒಂದನೇ ಆವೃತ್ತಿ ಇಂದಿಗೆ ನಿಲ್ಲುತ್ತದೆ. ಇರುವುದು ಇದ್ದ ಹಾಗೇ ಇರುತ್ತದೆ, ಯಾರೂ ಅಳಿಸುವುದಿಲ್ಲ. ಹೊಸದೇನೂ ಬರುವುದಿಲ್ಲ, ತಪ್ಪು ಕಂಡರೆ ತಿದ್ದುವವರಿಲ್ಲ. ಎರಡನೆಯದಕ್ಕೆ ಹೋಗಲು ಹದಿಮೂರು ಹೆಜ್ಜೆ ಕೆಳಗೆ ಬರೆದಿದೆ. ಏಳನೆಯದರಲ್ಲಿ ಆತುರ ಬೇಡ. ಹೋಗಲಾಗದವರು ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಇಷ್ಟು ದಿನ ಬಳಸಿದಿರಿ, ಸಂತೋಷ. ಇದನ್ನು ನಾವು ಇಬ್ಬರು ನೋಡಿಕೊಂಡೆವು.'

ಕೆಳಗೆ ಆಕೆಯ ಸಹಿ. ಅದರ ಕೆಳಗೆ ಅವನ ಸಹಿಗೆ ಖಾಲಿ ಜಾಗ. ಆಮೇಲೆ, ಅವನಿಗೆ ಮಾತ್ರ ಎಂದು ಕೊನೆಯ ಸಾಲುಗಳು: 'ನೆಲಮಾಳಿಗೆಯವರೇ, ನನಗೆ ಸಾಕಾಗಿದೆ. ಬೇಜಾರಿನಿಂದ ಅಲ್ಲ. ಸಂಜೆಗಳು ಬೇಕಾಗಿವೆ. ನೋಡಿ ಹೇಳಿ.'

ಅವನು ಅದನ್ನು ಮುಚ್ಚಿದ. ಮಾರನೇ ದಿನ ತೆರೆದು ಓದಿ ಮತ್ತೆ ಮುಚ್ಚಿದ. ಆಗುವುದಿಲ್ಲ ಎಂದು ಬರೆಯಲು ಅವನಲ್ಲಿ ಒಂದೂ ಕಾರಣವಿರಲಿಲ್ಲ. ಒಂದು ತಪ್ಪೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಆಯ್ತು ಎಂದು ಬರೆದರೆ ಅದೇ ಕೊನೆಯ ಆಯ್ತು. ಅದಾದ ಮೇಲೆ ಆಕೆಗೆ ಅವನ ಹತ್ತಿರ ಏನು ಕೆಲಸ. ಅವರಿಬ್ಬರ ಪದ್ಧತಿಯಲ್ಲಿ ಮೌನಕ್ಕೆ ಅವಧಿ ಇರಲಿಲ್ಲ. ಒಪ್ಪಿಗೆ ಸಿಗದ ಕೆಲಸ ಸಾಲಿನಲ್ಲಿ ಕಾಯುತ್ತಿತ್ತು, ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ. ಯಾರಿಗೂ ಅದರಿಂದ ನೋವಾಗಿದ್ದಿಲ್ಲ. ಇದೂ ಕಾಯಲಿ ಅಂದುಕೊಂಡ. ಬೇರೆ ಕೆಲಸಗಳನ್ನು ಮಾಡಿ ಕಳಿಸಿದ. ಯಾರೂ ಕೇಳದ ತಿದ್ದುಪಡಿಗಳನ್ನು, ಬೇಕಂತಲೇ ಸಣ್ಣ ತಪ್ಪು ಬಿಟ್ಟು. ಆಕೆ ಎಲ್ಲವನ್ನೂ ನೋಡಿದಳು, ವಾಪಸ್ಸು ಮಾಡಿದಳು, ತಿದ್ದಿದ ಮೇಲೆ ಆಯ್ತು ಎಂದಳು. ಕೊನೆಯ ಸಾಲುಗಳು ಮಾತ್ರ ನಿಂತುಹೋಗಿದ್ದವು.

ಎಂಟನೆಯ ದಿನ ಒಂದು ಬಂತು. 'ಪ್ರಕಟಣೆ ನೋಡಿದಿರಾ?'

ಅದಕ್ಕೂ ಅವನು ಉತ್ತರ ಬರೆಯಲಿಲ್ಲ.

*

ತಮ್ಮನ ಹೆಂಡತಿ ಒಂದು ಲೋಟ ಕಾಫಿ ತಂದು ಅವನ ಮುಂದೆ ಹಿಡಿದಳು. ಗಂಡನ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅವರಿಗೆ ಅಮ್ಮನಿಗಿಂತ ಹೆಚ್ಚಾಗಿ ಸಾಕಿದ್ದು ಅಕ್ಕನೇ ಎಂದಳು. ನಾಲ್ಕು ದಿನದಿಂದ ಯಾರನ್ನಾದರೂ ಬೈಯಬೇಕು ಅಂತ ಹುಡುಕುತ್ತಾ ಇದ್ದಾರೆ, ಮೊನ್ನೆ ಡಾಕ್ಟರಿಗೆ ಆಯಿತು, ನಿನ್ನೆ ನನಗೆ, ಇವತ್ತು ನೀವು ಸಿಕ್ಕಿದಿರಿ.

ಅವನು ಲೋಟ ತೆಗೆದುಕೊಂಡ. ಏನಾದರೂ ಮಾತಾಡಬೇಕೆಂದು, ಫೋಟೋ ಚೆನ್ನಾಗಿದೆ ಎಂದ.

"ಚೆನ್ನಾಗೇನು, ನಮ್ಮತ್ತಿಗೆ ಫೋಟೋನೇ ತೆಗೆಸ್ಕೋತಿರ್ಲಿಲ್ಲ," ಎಂದಳು ಆಕೆ. "ಮನೆಯೆಲ್ಲಾ ಹುಡುಕಿದ್ರೂ ಒಂದೂ ಇಲ್ಲ. ಇದು ಹೋದ ತಿಂಗಳು ಈಜುಕೊಳದ ಕಾರ್ಡಿಗೆ ಅಂತ ತೆಗೆಸಿದ್ದು. ಈ ವಯಸ್ಸಲ್ಲಿ ಈಜು ಕಲೀತೀನಿ ಅಂತ ಹೊರಟಿದ್ರು ನೋಡಿ. ಸಂಜೆ ಐದೂವರೆ ಬ್ಯಾಚು. ಯಾವಾಗಿಂದ ಹೋಗ್ತೀರ ಅಂದ್ರೆ, ಒಂದು ಕೆಲಸ ಮುಗೀಬೇಕು, ಒಬ್ರು ಹ್ಞೂ ಅನ್ನಬೇಕು, ಅಂದ ಕೂಡ್ಲೇ ಹೋಗ್ತೀನಿ ಅಂತಿದ್ರು. ಕಾರ್ಡು ಬಂದು ಹಾಗೇ ಬಿದ್ದಿತ್ತು."

ಅವಳನ್ನು ಯಾರೋ ಕರೆದರು, ಹೋದಳು.

ಅವನು ಲೋಟವನ್ನು ಕುರ್ಚಿಯ ಕಾಲಿನ ಬಳಿ ಇಟ್ಟ. ಎದುರಿನ ಫೋಟೋದ ಮುಖ ಆಗ ಇದ್ದ ಹಾಗೇ ಇತ್ತು. ಆಕೆಯ ಸಂಜೆಗಳನ್ನು ತಿಂದದ್ದು ಬೂಟಿನವನಲ್ಲ, ಥ್ಯಾಂಕ್ಸ್ ಬರೆಯದ ಕಂಪನಿಗಳೂ ಅಲ್ಲ. ಅವರ ಮೇಲೆ ಅವನಿಗೆ ಇದ್ದ ಸಿಟ್ಟಿಗೆ ಒಂದು ತೂಕ ಇತ್ತು; ಅದನ್ನು ಹಿಡಿದುಕೊಂಡೇ ಇಷ್ಟು ದಿನ ನಡೆದಿದ್ದ. ಈಗ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೂವತ್ತು ಜನರ ಮುಂದೆ ಎದ್ದು ನಿಂತು ತನ್ನನ್ನೇ ಕಪಾಳಕ್ಕೆ ಹೊಡೆದುಕೊಳ್ಳಬಹುದಿತ್ತು. ಅದೂ ಆಕೆಗೆ ಬೇಕಾಗಿದ್ದಲ್ಲ.

ಐದು ಇಪ್ಪತ್ತಕ್ಕೆ ಅವನು ಚೀಲ ತೆಗೆದುಕೊಂಡು ಹೊರಗಿನ ಮೊಗಸಾಲೆಗೆ ಹೋದ. ಅಲ್ಲಿ ಗೋಡೆಗೆ ಒರಗಿಸಿದ ಒಂದು ಬೆಂಚು, ಮಣ್ಣಿನ ಕುಂಡದಲ್ಲಿ ಪ್ಲಾಸ್ಟಿಕ್ಕಿನ ಗಿಡ. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ತೆರೆದ. ಸಹಿ ಹಾಕುವ ಕೀಲಿ ಕಂಪ್ಯೂಟರಿಗೆ ಚುಚ್ಚುವ, ಬೆರಳಿನಷ್ಟು ಗಾತ್ರದ ಕಡ್ಡಿ, ಕೋಣೆಯ ಬೀಗದ ಕೈ ಗೊಂಚಲಲ್ಲೇ ಇತ್ತು, ಚುಚ್ಚಿದ. ಪ್ರಕಟಣೆ ಪರದೆಯ ಮೇಲೆ ಬಂತು. ಏಳನೆಯ ಹೆಜ್ಜೆಯಲ್ಲಿ ಎರಡು ಸಾಲು ಬದಲಾಗಿತ್ತು. ಪಕ್ಕದಲ್ಲಿ ಎರಡನೆಯವನಿಗೆ ಆಕೆಯ ಒಂದು ಟಿಪ್ಪಣಿ: 'ಹೌದು, ಹೀಗೆ ಸರಿ. ಥ್ಯಾಂಕ್ಸ್.'

ಅವನು ಕೂತು ಅಷ್ಟನ್ನೂ ಓದಿದ. ಯಾವತ್ತಿನ ಹಾಗೆ, ಮೊದಲಿನಿಂದ, ಒಂದೊಂದು ಹೆಜ್ಜೆಯಾಗಿ, ತಪ್ಪು ಹುಡುಕುತ್ತ. ಹನ್ನೊಂದನೆಯದರಲ್ಲಿ ಒಂದು ಅಲ್ಪವಿರಾಮ ಹೆಚ್ಚಿತ್ತು. ಅದನ್ನು ಮುಟ್ಟಿದರೆ ಆಕೆ ಹಾಕಿದ್ದ ಸಹಿ ಮುರಿಯುತ್ತದೆ. ಹಾಗೇ ಬಿಟ್ಟ. ಹನ್ನೊಂದು ವರ್ಷದಲ್ಲಿ ಆಕೆಯ ತಪ್ಪೊಂದನ್ನು ಕಂಡೂ ಹೇಳದೆ ಬಿಟ್ಟದ್ದು ಅದೊಂದೇ.

ಐದು ನಲವತ್ತೊಂದಕ್ಕೆ ಖಾಲಿ ಜಾಗದಲ್ಲಿ 'ಆಯ್ತು' ಎಂದು ಬರೆದು ಕೀಲಿಯನ್ನು ಒತ್ತಿದ.

ಏನೂ ಆಗಲಿಲ್ಲ. ಸದ್ದಿಲ್ಲ, ಬೆಳಕಿಲ್ಲ. ಪುಟದ ನೆತ್ತಿಯ ಮೇಲೆ ಬೂದುಬಣ್ಣದ ಒಂದು ಪಟ್ಟಿ ಬಂತು: ನಿವೃತ್ತ. ಪ್ರಕಟಣೆ ಎರಡು ಸಾವಿರ ಚಿಲ್ಲರೆ ವಿಳಾಸಗಳಿಗೆ ಹೊರಟಿತು. ಅರ್ಧ ನಿಮಿಷಕ್ಕೆ ವಾಪಸ್ಸು ಬರತೊಡಗಿತು. ಈ ವಿಳಾಸದಲ್ಲಿ ಯಾರೂ ಇಲ್ಲ. ಈ ವಿಳಾಸದಲ್ಲಿ ಯಾರೂ ಇಲ್ಲ. ಇಮೇಲ್ ಪೆಟ್ಟಿಗೆ ತುಂಬಿತು, ಅವನು ಎಣಿಸುವುದನ್ನು ಬಿಟ್ಟ. ಯಾರೂ ಇಲ್ಲದ ಇಷ್ಟು ವಿಳಾಸಗಳಿಗೆ ತಾವು ಆರು ವರ್ಷ ಬರೆಯುತ್ತಿದ್ದೆವೇ. ಅಷ್ಟರ ನಡುವೆ ಮನುಷ್ಯ ಬರೆದದ್ದು ಒಂದು ಇತ್ತು, ಯಾವುದೋ ಅಪರಿಚಿತನದು: 'ಅರೆ, ಇದು ಇನ್ನೂ ಇತ್ತಾ?'

ಅವನು ಪರದೆ ಮುಚ್ಚಿದ.

ಮೊಗಸಾಲೆಯ ಬಾಗಿಲು ತೆರೆಯಿತು. ತಮ್ಮ. ಬೂದಿಯ ಡಬ್ಬಿಯನ್ನು ಎದೆಗೆ ಒತ್ತಿ ಎರಡೂ ಕೈಯಲ್ಲಿ ಹಿಡಿದಿದ್ದ. ಇನ್ನೂ ಬಿಸಿ ಇತ್ತೋ ಏನೋ, ಆಗಾಗ ಬೆರಳು ಬ‌ದಲಿಸುತ್ತಿದ್ದ. ಹತ್ತಿರ ಬಂದು ನಿಂತ. ಎರಡನೆಯವನು ಅವನಿಗೆ ಎಲ್ಲ ತಿಳಿಸಿ ಹೇಳಿದ್ದನಂತೆ. ಇವರಿಬ್ಬರೂ ಒಂದು ಕಾಸು ಮುಟ್ಟದೆ ನಡೆಸಿದ್ದನ್ನು, ಎಷ್ಟೋ ಕಡೆ ನೀರು ಬರುವುದು, ಲಿಫ್ಟು ಏರುವುದು ಅದರಿಂದಲೇ ಆಗಿದ್ದನ್ನು.

"ತಪ್ಪಾಯ್ತು," ಎಂದ ತಮ್ಮ. "ಎಲ್ಲರ ಮುಂದೆ ಹಾಗನ್ನಬಾರದಿತ್ತು. ನೀವು ಅಂದ್ರೆ ಏನೋ ಅಂದ್ಕೊಂಡಿದ್ದೆ." ಸಂಜೆಯ ಮಂದ ಬೆಳಕಿನಲ್ಲಿ ಅವನ ಹುಬ್ಬು ಫೋಟೋದಲ್ಲಿದ್ದ ಹಾಗೇ ಸ್ವಲ್ಪ ಮೇಲೇರಿತ್ತು. "ಸಂಜೆ ಆದ್ರೆ ಬಾಗಿಲು ಹಾಕ್ಕೊಂಡು ಒಬ್ಳೇ ಕೂತಿರ್ತಾಳೆ, ಅವಳಿಗೆ ಯಾರೂ ಇಲ್ಲ ಅಂತಲೇ ನಾವೆಲ್ಲ ತಿಳ್ಕೊಂಡಿದ್ವಿ. ನೀವಿದ್ರಿ. ಅದೊಂದು ಸಮಾಧಾನ ನಂಗೆ."

ಅವನು ಎದ್ದು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿದ. ಜಿಪ್ಪು ಅರ್ಧಕ್ಕೆ ಕಚ್ಚಿಕೊಂಡಿತು, ಎಳೆಯದೆ ಬಿಟ್ಟ.

"ಆ ಸ್ಕ್ರೀನ್ ಮೇಲೆ ನಿಮ್ಮ ಹೆಸರಿತ್ತಲ್ಲ," ಎಂದ ತಮ್ಮ. ಈಗ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡುವವನ ದನಿ. "ಕೊನೇಲಿ ನಿಮ್ಮನ್ನ ಏನೋ ಕೇಳಿದ್ದಾಳೆ ಅವಳು. ಏನದು? ನೀವೇನು ಹೇಳಿದ್ರಿ ಅವಳಿಗೆ?"

ಅವನು ಚೀಲವನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದ. ಅಂಗಳದ ಗೇಟಿನ ಬಳಿ ಕೆಲಸದವನೊಬ್ಬ ಸ್ಟೂಲು ಹತ್ತಿ, ಕಪ್ಪು ಹಲಗೆಯ ಮೇಲಿದ್ದ ಆಕೆಯ ಹೆಸರಿನ ಬಿಳಿ ಅಕ್ಷರಗಳನ್ನು ಒಂದೊಂದಾಗಿ ಕಿತ್ತು ಕೆಳಗಿನ ತಟ್ಟೆಗೆ ಹಾಕುತ್ತಿದ್ದ. ಅದೇ ತಟ್ಟೆಯಿಂದ ಆಯ್ದು ಮುಂದಿನವರ ಹೆಸರು ಜೋಡಿಸಬೇಕಿತ್ತು. ಹಿಂದಿನಿಂದ ತಮ್ಮ ಅದೇ ಪ್ರಶ್ನೆಯನ್ನು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕೇಳಿದ. ಕೆಲಸದವನು ಕೈಯಲ್ಲಿ ಒಂದು ಅಕ್ಷರ ಹಿಡಿದುಕೊಂಡು ತಿರುಗಿ ನೋಡಿದ, ಕೇಳಿದವನನ್ನು, ಆಮೇಲೆ ತನ್ನ ಸ್ಟೂಲಿನ ಪಕ್ಕದಿಂದ ಹಾದು ಗೇಟು ದಾಟಿ ರಸ್ತೆಯಲ್ಲಿ ನಡೆದು ಹೋಗುತ್ತಿದ್ದವನ ಬೆನ್ನನ್ನು.